ಟಿಟ್ಟಿಭಕ್ಕೆ 32 ಹೆಜ್ಜೆ

"ಸಾ, ಅಲ್ಲಿ ಕಾಲಿಡಬೇಡಿ ಸಾ!"

ಏಳನೇ ತರಗತಿಯ ಹುಡುಗಿ ಕೂಗಿದಾಗ ನನ್ನ ಬಲಗಾಲು ಇನ್ನೂ ಗಾಳಿಯಲ್ಲಿತ್ತು. ಕೆಳಗೆ ನೋಡಿದೆ. ಕೆರೆಯಂಗಳದ ಒಣಮಣ್ಣು, ಒಂದಷ್ಟು ಬೆಣಚುಕಲ್ಲು, ಕುರಿಹಿಕ್ಕೆ ಬಿಟ್ಟರೆ ಏನೂ ಕಾಣಲಿಲ್ಲ. ಅವಳು ಬಗ್ಗಿ ಬೆರಳು ತೋರಿಸಿದ ಮೇಲೆ ಆ ಕಲ್ಲುಗಳಲ್ಲಿ ನಾಲ್ಕು ಕಲ್ಲಲ್ಲ ಎಂದು ಗೊತ್ತಾಯಿತು. ಮಣ್ಣಿನ ಬಣ್ಣದ ಮೇಲೆ ಕರಿಮಚ್ಚೆ, ಚೂಪು ತುದಿಗಳೆಲ್ಲ ಒಳಮುಖ. ಟಿಟ್ಟಿಭದ ಮೊಟ್ಟೆಗಳು. ತಾಯಿಹಕ್ಕಿ ಅಷ್ಟರಲ್ಲಾಗಲೇ ತಲೆಯ ಮೇಲೆ ಸುತ್ತುತ್ತಾ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಿತ್ತು.

ಜೂನ್ ತಿಂಗಳ ಒಂದು ಶನಿವಾರ. ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯ ಬಯಲಿನಲ್ಲಿ ಮಕ್ಕಳ ಜೊತೆ ಒಂದು ಬೆಳಗು ನಡೆಯೋಣವೆಂದು ಬಂದಿದ್ದೆ. ವನ್ಯಜೀವಿ ಪ್ರವಾಸವೆಂದರೆ ಬಸ್ಸು, ಕೇಕೆ, ಬನ್ನೇರುಘಟ್ಟ ಎಂದುಕೊಂಡಿದ್ದವನು ನಾನು. ಇಲ್ಲಿ ಬಸ್ಸಿರಲಿಲ್ಲ. ಇಪ್ಪತ್ತೆಂಟು ಮಕ್ಕಳು, ಒಬ್ಬ ಮೇಷ್ಟ್ರು, ಒಬ್ಬ ಮಿಸ್ಸು, ಒಂದು ಹಳೆಯ ದುರ್ಬೀನು, ಡಬ್ಬಿಗಳಲ್ಲಿ ಚಿತ್ರಾನ್ನ. ಪ್ರತಿ ಮಗುವಿನ ಕೈಯಲ್ಲಿ ಎರಡು ಕಲಂ ಎಳೆದ ನೋಟ್‌ಬುಕ್. ಮೊದಲ ಕಲಮಿನ ತಲೆಯಲ್ಲಿ "ಏನು ಕಂಡಿತು", ಎರಡನೆಯದರಲ್ಲಿ "ಎಷ್ಟು ಹೆಜ್ಜೆ".

ಹೆಜ್ಜೆಯ ಲೆಕ್ಕ ಯಾತಕ್ಕೆಂದು ಆ ಟಿಟ್ಟಿಭದ ಮುಂದೆ ತಿಳಿಯಿತು.

ಕೆರೆಯಂಗಳ

ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಈಗ ಹಿಂದಕ್ಕೆ ನಡೀರಿ. ಒಂದೊಂದೇ ಹೆಜ್ಜೆ, ಎಣಿಸ್ಕೊಂಡು" ಎಂದರು. ಹತ್ತು ಹೆಜ್ಜೆಗೆ ಹಕ್ಕಿಯ ಕೂಗು ನಿಲ್ಲಲಿಲ್ಲ. ಇಪ್ಪತ್ತಕ್ಕೆ ನೆಲಕ್ಕಿಳಿಯಿತು, ಆದರೂ ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಮೂವತ್ತೆರಡನೆಯ ಹೆಜ್ಜೆಗೆ ಓಡೋಡಿ ಹೋಗಿ, ಎದೆಯ ಗರಿ ಕೆದರಿ ಮೊಟ್ಟೆಗಳ ಮೇಲೆ ಕೂತಿತು. "ಬರ್ಕೊಳ್ರಿ. ಟಿಟ್ಟಿಭ, 32" ಎಂದರು ಮೇಷ್ಟ್ರು. ಪಾಠ ಅಷ್ಟೇ. ಹಕ್ಕಿಯ ವೈಜ್ಞಾನಿಕ ಹೆಸರನ್ನು ಅವರು ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಒಂದು ಜೀವ ನೆಮ್ಮದಿಯಾಗಿರಬೇಕಾದರೆ ನಾವು ಎಷ್ಟು ದೂರ ಸರಿಯಬೇಕು ಎಂಬುದು ಮಾತ್ರ ಇಪ್ಪತ್ತೆಂಟು ಪುಸ್ತಕಗಳಲ್ಲಿ ದಾಖಲಾಯಿತು.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ನಕ್ಷೆಯಲ್ಲಿ ನೀಲಿ, ನೆಲದಲ್ಲಿ ಮರಳು. ಹೀಗಾಗಿ ಇಲ್ಲಿ ನೀರೆಂದರೆ ಕೆರೆ, ನೀರಹಕ್ಕಿಯೆಂದರೆ ಕೆರೆಯ ಹಕ್ಕಿ. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ಹರಿದಾಗಿನಿಂದ ಜಿಲ್ಲೆಯ ಕೆರೆಗಳ ಕತೆ ಎರಡು ಬಗೆಯಾಗಿದೆ. ಹರಿದ ಕಡೆ ತುಂಬಿವೆ, ಉಳಿದವು ಮಳೆಗೆ ಕಾಯುತ್ತವೆ. ಆ ನೀರಿನ ಗುಣದ ಬಗ್ಗೆ ರೈತರ ತಕರಾರು ಇನ್ನೂ ತೀರಿಲ್ಲ. ಹಕ್ಕಿಗಳಿಗೆ ಆ ಚರ್ಚೆಯ ಹಂಗಿಲ್ಲ, ನೀರು ಕಂಡಲ್ಲಿ ಇಳಿಯುತ್ತವೆ.

ನಾವು ನಿಂತ ಕೆರೆಯಲ್ಲಿ ನೀರು ಒಂದು ಮೂಲೆಗೆ ಸರಿದಿತ್ತು. ಅಷ್ಟರಲ್ಲೇ ಗುಳುಮುಳುಕ ಮುಳುಗೇಳುತ್ತಿತ್ತು, ಬೆಳ್ಳಕ್ಕಿಗಳು ಎಮ್ಮೆಗಳ ಕಾಲಬುಡದಲ್ಲಿದ್ದವು, ಒಣಗಿದ ಜಾಲಿಯ ಕೊಂಬೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಇದು ಆಂಧ್ರದ ಗಡಿಸೀಮೆಯಾದ್ದರಿಂದ ಮಕ್ಕಳ ಬಾಯಲ್ಲಿ ಪ್ರತಿಯೊಂದಕ್ಕೂ ಎರಡು ಹೆಸರು. ಒಬ್ಬ "ಕೊಕ್ಕರೆ" ಎಂದರೆ ಪಕ್ಕದವನು "ಕೊಂಗ" ಎನ್ನುತ್ತಾನೆ. ನವಿಲು ಮನೆಯಲ್ಲಿ ನೆಮಲಿ, ನರಿ ಅಜ್ಜಿಯ ಕತೆಯಲ್ಲಿ ನಕ್ಕ. ಪಟ್ಟಣದ ಮಗು ಹಕ್ಕಿಯ ಒಂದು ಹೆಸರನ್ನು ಬಾಯಿಪಾಠ ಮಾಡುವ ಹೊತ್ತಿಗೆ ಈ ಮಕ್ಕಳಿಗೆ ಎರಡು ಬಂದಿರುತ್ತವೆ. ಮಿಸ್ಸು ಎರಡನ್ನೂ ಬರೆಸುತ್ತಿದ್ದರು.

ಬಂಡೆಯ ಮೇಲೆ

ಬಿಸಿಲೇರುವ ಮೊದಲು ಗುಡ್ಡ ಹತ್ತಿದೆವು. ಗುಡ್ಡವೆಂದರೆ ಮಣ್ಣಿನದಲ್ಲ, ಒಂದರ ಮೇಲೊಂದು ಪೇರಿಸಿಟ್ಟಂತಹ ಗುಂಡುಬಂಡೆಗಳ ರಾಶಿ. ಅಂತರಗಂಗೆ, ಆವಣಿ, ಮುಳಬಾಗಿಲು, ಎಲ್ಲ ಕಡೆಯೂ ಇದೇ ಚಿತ್ರ. ಈ ಸೀಮೆಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಆವಣಿಯ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳು ಎಂಬುದು ಇಲ್ಲಿಯವರ ನಂಬಿಕೆ. ಬಂಡೆಯ ಸಂದುಗಳಲ್ಲಿ ಈಗಲೂ ಹೆರುವವರಿದ್ದಾರೆ: ಮುಳ್ಳುಹಂದಿ, ಮುಂಗುಸಿ, ಬಾವಲಿ.

ಒಂದು ದೊಣೆಯಲ್ಲಿ ಮೊದಲ ಮಳೆಯ ನೀರು ಎರಡು ಗೇಣು ನಿಂತಿತ್ತು. ಮಕ್ಕಳು ಸುತ್ತ ಕೂತು ಗೊದಮೊಟ್ಟೆಗಳನ್ನು ಎಣಿಸಲು ಹೋಗಿ ಸೋತರು. ಅದರಾಚೆಯ ಬಂಡೆಯ ನೆತ್ತಿಯಲ್ಲಿ ಗಂಡು ಓತಿ ಕೂತಿತ್ತು. ಬೇರೆ ದಿನಗಳಲ್ಲಿ ಇದು ಕಲ್ಲಿನದೇ ಬಣ್ಣ. ಸಂತಾನದ ಕಾಲ ಬಂತೆಂದರೆ ಬೆನ್ನು ಕೆಂಪಾಗಿ ಪಕ್ಕೆ ಕಪ್ಪಾಗುತ್ತದೆ. ನಾವು ನೋಡನೋಡುತ್ತಲೇ ಮುಂಗಾಲು ಊರಿ ಮೈಯನ್ನು ಮೇಲೆ ಕೆಳಗೆ ಆಡಿಸಿತು.

"ಅದು ಅಣಕಿಸ್ತಾ ಐತೆ ಸಾ" ಎಂದ ಒಬ್ಬ. ಅವನ ಕೈ ಆಗಲೇ ಕಲ್ಲು ಹುಡುಕುತ್ತಿತ್ತು.

ಆ ಕೈ ನನಗೆ ಗೊತ್ತು. ಅವನ ವಯಸ್ಸಿನಲ್ಲಿ ನಾನೂ ಓತಿ ತಲೆಯಾಡಿಸಿದರೆ ನಮ್ಮನ್ನು ಹೀಯಾಳಿಸುತ್ತಿದೆ ಎಂದು ನಂಬಿ ಕಲ್ಲು ಬೀರಿದವನೇ, ಒಂದೆರಡು ಸಲ ಗುರಿಯೂ ತಪ್ಪಿರಲಿಲ್ಲ. ಮೇಷ್ಟ್ರು ಗದರಲಿಲ್ಲ. ಕೆಳಗಿನ ಬಂಡೆಯತ್ತ ತೋರಿಸಿದರು. ಅಲ್ಲಿ ಇನ್ನೊಂದು ಗಂಡು ಓತಿ ಇತ್ತು. "ಅದು ಹೇಳ್ತಿರೋದು ನಿನಗಲ್ಲಪ್ಪಾ, ಅದಕ್ಕೆ. ಇದು ನನ್ನ ಬಂಡೆ, ಈ ಕಡೆ ಬರಬೇಡ ಅಂತ." ಹುಡುಗ ಇದನ್ನೂ ನೋಡಿದ, ಅದನ್ನೂ ನೋಡಿದ. ಆಮೇಲೆ ಕಲ್ಲು ಬಿಟ್ಟು ಪೆನ್ನು ತೆಗೆದ. "ಓತಿ, 9."

ಬಂಡೆಯ ಇನ್ನೊಂದು ಬದಿಯಲ್ಲಿ ಸಾಲಾಗಿ ಕುಳಿಗಳು. ಉಳಿ ಬಡಿದು ಚಪ್ಪಡಿ ಎಬ್ಬಿಸಿದ ಹಳೆಯ ಗುರುತು. ಬಂಡೆಯ ಮೇಲೆ ಬೆಂಕಿ ಹಾಕಿ, ಕಾಯಿಸಿ, ಪದರು ಬಿಡಿಸಿ ಚಪ್ಪಡಿ ಎಬ್ಬಿಸುವುದು ನಮ್ಮ ಕಡೆಯ ಹಳೆಯ ಕಸುಬು. ಈ ಮಕ್ಕಳಲ್ಲಿ ಎಷ್ಟೋ ಜನರ ಮನೆಯ ಸೂರು, ದನದ ಕೊಟ್ಟಿಗೆ, ಬಚ್ಚಲ ಹಾಸು ಎಲ್ಲ ಇಂತಹ ಗುಡ್ಡಗಳಿಂದಲೇ ಬಂದದ್ದು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಉಳಿ ಹೋಗಿ ಯಂತ್ರ ಬಂದ ಮೇಲೆ, ಊರಿಗೆ ಬೇಕಾದಷ್ಟು ಹೋಗಿ ಲಾರಿಗೆ ಸಿಕ್ಕಷ್ಟು ಆದ ಮೇಲೆ ಲೆಕ್ಕ ಬದಲಾಯಿತು. ಆ ಲೆಕ್ಕದಲ್ಲಿ ಬಹುಪಾಲು ಕಳೆದುಕೊಂಡ ಒಂದು ಜೀವದ ಹೆಸರಿನಲ್ಲಿ ಈ ಜಿಲ್ಲೆಯ ಹೆಸರೇ ಇದೆ.

ನೋಡಲು ಹೋಗದ ಪ್ರಾಣಿ

ಗುಡ್ಡದ ಬುಡದ ಆಲದ ಮರದಡಿ ಚಿತ್ರಾನ್ನದ ಡಬ್ಬಿಗಳು ತೆರೆದವು. ಮರದ ತುಂಬ ದೊಡ್ಡ ಬಾವಲಿಗಳು, ತಲೆಕೆಳಗಾಗಿ ತೂಗುಹಾಕಿದ ಕರಿಕೊಡೆಗಳ ಹಾಗೆ. ನಾವು ಕೂತ ಮೇಲೆಯೂ ಹಾರಲಿಲ್ಲ. ಆಗೊಮ್ಮೆ ಈಗೊಮ್ಮೆ ರೆಕ್ಕೆ ಬೀಸಿಕೊಂಡು ಸೆಕೆ ಕಳೆಯುತ್ತಿದ್ದವು.

ಬಾವಲಿಯನ್ನು ಯಾರೂ ಪ್ರೀತಿಸುವುದಿಲ್ಲ. ಹಣ್ಣು ತಿನ್ನುವ ಬಾವಲಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಗೆ, ಇಲಿಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ. ಕೊರೊನಾ ಕಾಲದಲ್ಲಿ ಬಾವಲಿ ಮರವನ್ನೇ ಕಡಿಸಿಬಿಡೋಣ ಎಂಬ ಮಾತು ಎಷ್ಟೋ ಊರುಗಳಲ್ಲಿ ಬಂದಿತ್ತು. ಗಡಿಯಾಚೆಯ ತೆಲುಗಿನಲ್ಲಿ ಇದಕ್ಕೆ ಗಬ್ಬಿಲಂ ಎಂದು ಹೆಸರು. ಕವಿ ಗುರ್ರಂ ಜಾಷುವಾ 1941ರಲ್ಲಿ ಅದೇ ಹೆಸರಿನ ಕಾವ್ಯ ಬರೆದರು. ಗುಡಿಯೊಳಗೆ ಕಾಲಿಡಲು ಬಿಡದ ಮನುಷ್ಯನೊಬ್ಬ ಅದರಲ್ಲಿ ಶಿವನಿಗೆ ಬಾವಲಿಯ ಕೈಲಿ ಸಂದೇಶ ಕಳಿಸುತ್ತಾನೆ. ಬಾವಲಿಗೆ ಯಾವ ಗುಡಿಯೂ ನಿಷಿದ್ಧವಲ್ಲವಲ್ಲ!

ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಕೆಳಗೆ ಬಿದ್ದ ಬಾವಲಿಯನ್ನು ಕೈಯಲ್ಲಿ ಮುಟ್ಟಬಾರದು. ಎರಡನ್ನೂ ಮಿಸ್ಸು ಮೊದಲೇ ಹೇಳಿದರು. ಆಮೇಲೆ ಚೀಲದಿಂದ ಒಂದು ಚಿತ್ರ ತೆಗೆದರು. ಅಂಗೈಯೊಳಗೆ ಅಡಗುವಷ್ಟು ಪುಟ್ಟ ಬಾವಲಿ, ಮೂಗಿನ ಸುತ್ತ ಮಡಿಕೆ ಮಡಿಕೆಯಾಗಿ ಎಲೆಯಂತಹ ಚರ್ಮ.

"ಇದು ಎಲ್ಲಿದೆ ಹೇಳಿ?"

"ಆಫ್ರಿಕಾ ಮಿಸ್!" "ಅಮೆಜಾನ್ ಮಿಸ್!"

"ಕೋಲಾರ."

ಮಕ್ಕಳು ನಕ್ಕರು, ತಮಾಷೆ ಎಂದುಕೊಂಡು.

ತಮಾಷೆಯಲ್ಲ. ಕೋಲಾರದ ಎಲೆಮೂಗಿನ ಬಾವಲಿಯನ್ನು ಬೇರೆಯೇ ಪ್ರಭೇದವೆಂದು ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು 1994ರಲ್ಲಿ ವಿವರಿಸಿದರು. ಹಿಪ್ಪೊಸಿಡೆರಸ್ ಹೈಪೊಫಿಲಸ್ ಎಂದು ಹೆಸರಿಟ್ಟರು. ಆಗ ಅದು ಸಿಕ್ಕಿದ್ದು ಜಿಲ್ಲೆಯ ಎರಡೇ ಕಡೆ, ತೇರಹಳ್ಳಿ ಮತ್ತು ಹನುಮನಹಳ್ಳಿಯಲ್ಲಿ. ಎರಡು ದಶಕಗಳ ಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಡುಕಿಕೊಂಡು ಬಂದಾಗ ತೇರಹಳ್ಳಿಯಲ್ಲಿ ಒಂದೂ ಇರಲಿಲ್ಲ. ಹನುಮನಹಳ್ಳಿಯಲ್ಲಿ ಇದ್ದದ್ದು 200ಕ್ಕಿಂತ ಕಡಿಮೆ. ಇಡೀ ಭೂಮಿಯ ಮೇಲೆ ಗೊತ್ತಿರುವ ನೆಲೆ ಅದೊಂದೇ. ಅಂತರರಾಷ್ಟ್ರೀಯ ಕೆಂಪುಪಟ್ಟಿ 2016ರಲ್ಲಿ ಅದನ್ನು 'ಅಳಿವಿನ ತೀರಾ ಅಂಚಿನಲ್ಲಿರುವ' ವರ್ಗಕ್ಕೆ ಸೇರಿಸಿತು. ಹುಲಿ ಕೂಡ ಆ ವರ್ಗದಲ್ಲಿಲ್ಲ.

ಕಾರಣ ಮಕ್ಕಳು ಸ್ವಲ್ಪ ಮುಂಚೆ ಕಂಡದ್ದೇ. ಗುಹೆಯ ಸುತ್ತ ಕಲ್ಲು ಗಣಿಗಾರಿಕೆ, ಬಂಡೆ ಸೀಳಲು ಹಾಕುವ ಬೆಂಕಿ, ಹೊಗೆ. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಎಂಬ ಸಣ್ಣ ಸಂಸ್ಥೆ ಅರಣ್ಯ ಇಲಾಖೆಯ ಬಾಗಿಲು ತಟ್ಟಿತು, ಹಳ್ಳಿಯವರನ್ನು ಕೂಡಿಸಿಕೊಂಡಿತು. ಅಕ್ರಮ ಗಣಿಗಾರಿಕೆ ನಿಂತಿತು, ಗುಹೆಗಳ ಸುತ್ತಲಿನ ಸುಮಾರು 30 ಎಕರೆಗೆ ರಕ್ಷಣೆ ಸಿಕ್ಕಿತು. ಒಂದು ಪ್ರಭೇದಕ್ಕೆ ಭೂಮಿಯ ಮೇಲೆ ಉಳಿದಿರುವ ಜಾಗ ಒಬ್ಬ ಸ್ಥಿತಿವಂತ ರೈತನ ಹಿಡುವಳಿಯಷ್ಟು.

"ಹನುಮನಹಳ್ಳಿ ನಮ್ಮ ಜಿಲ್ಲೇನೇ ಅಲ್ವಾ ಮಿಸ್? ಮುಂದಿನ ಶನಿವಾರ ಹೋಗೋಣ!" ಇಪ್ಪತ್ತೆಂಟು ಕಂಠ ಒಟ್ಟಿಗೆ.

"ಹೋಗಲ್ಲ" ಎಂದರು ಮಿಸ್ಸು.

ಇಂತಹ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಗುಹೆಯೊಳಗೆ ಟಾರ್ಚು ಬಿದ್ದರೆ, ಮಾತು ಕೇಳಿದರೆ ಗುಂಪು ಏಳುತ್ತದೆ, ಅಪ್ಪಿಕೊಂಡ ಮರಿ ಕೈಜಾರುತ್ತದೆ. ಪದೇಪದೇ ಹೀಗಾದರೆ ನೆಲೆಯನ್ನೇ ಬಿಡುತ್ತವೆ. ಬೇರೆ ಬಾವಲಿಗಳಿಗಾದರೆ ಇನ್ನೊಂದು ಗುಹೆ ಇದೆ, ಇವಕ್ಕೆ ಇದ್ದರೂ ಈವರೆಗೆ ಯಾರೂ ಕಂಡಿಲ್ಲ.

ಅದರ ಬದಲು ಸಂಜೆ ಮನೆಯಲ್ಲಿ ಮಾಡಲು ಮಿಸ್ಸು ಒಂದು ಕೆಲಸ ಕೊಟ್ಟರು. ಸೂರ್ಯ ಮುಳುಗಿದ ಮೇಲೆ ಬೀದಿದೀಪದ ಹತ್ತಿರ ಜಗಲಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ದೀಪದ ಸುತ್ತ ಎಷ್ಟು ಬಾವಲಿ ಸುಳಿಯುತ್ತವೆ ಎಣಿಸಬೇಕು. ಅವು ನಮ್ಮ ಕಿವಿಗೆ ನಿಲುಕದ ಕೂಗು ಹಾಕಿ, ಹುಳುವಿಗೆ ಬಡಿದು ಮರಳುವ ಪ್ರತಿಧ್ವನಿಯಲ್ಲೇ ದಾರಿ ಕಾಣುತ್ತವೆ. ಎಲೆಮೂಗು ಆ ಕೂಗನ್ನು ಒಂದೆಡೆಗೆ ಕೂಡಿಸಿ ಬಿಡುವ ಸಾಧನ. ಟೊಮೆಟೊ ತೋಟದ ಪತಂಗ, ಮನೆಯ ಸೊಳ್ಳೆ ಎರಡೂ ಅವುಗಳ ಊಟ. ಕೂಲಿ ಕೇಳದ ಕಾವಲುಗಾರರು ಎಂಬುದು ಆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬಸ್ಸು ಹತ್ತುವುದಾದರೆ

ಹಾಗೆಂದು ಬಸ್ಸಿನ ಪ್ರವಾಸ ಬೇಡವೆಂದಲ್ಲ. ಡಿಸೆಂಬರ್ ಬಂದರೆ ಮಕ್ಕಳು ಕಾಯುವುದೇ ಅದಕ್ಕೆ. ಇಲ್ಲಿಂದ ಹತ್ತಿರದ ದೊಡ್ಡ ಮೃಗಾಲಯ ಬನ್ನೇರುಘಟ್ಟದ್ದು. ರಾಷ್ಟ್ರೀಯ ಉದ್ಯಾನದ ಒಂದಂಚನ್ನು 2002ರಲ್ಲಿ ಬೇರ್ಪಡಿಸಿ ಜೈವಿಕ ಉದ್ಯಾನ ಮಾಡಿದರು, 2006ರಲ್ಲಿ ಅಲ್ಲಿ ದೇಶದ ಮೊದಲ ಚಿಟ್ಟೆ ಉದ್ಯಾನ ತೆರೆಯಿತು. ಸಫಾರಿಯ ಹುಲಿ ಸಿಂಹಗಳಿಗೆ ಮಕ್ಕಳ ಕೇಕೆ ಮೀಸಲು, ಅದನ್ನು ತಡೆಯಲಾಗದು. ಮೇಷ್ಟ್ರುಗಳು ಬಿಡುವು ಮಾಡಿಕೊಂಡು ನಿಲ್ಲಿಸಬೇಕಾದ ಜಾಗಗಳು ಬೇರೆ ಎರಡಿವೆ.

ಒಂದು ಚಿಟ್ಟೆ ಉದ್ಯಾನ. ಅಲ್ಲಿ ಬಲೆ, ಕಂದಕಗಳಿಗಿಂತ ಗಿಡಕ್ಕೆ ಬೆಲೆ ಹೆಚ್ಚು. ಯಾವ ಗಿಡದ ಎಲೆ ಯಾವ ಹುಳುವಿನ ಊಟ ಎಂದು ಗೊತ್ತಾದರೆ ಅದೇ ಗಿಡವನ್ನು ಶಾಲೆಯ ಅಂಗಳದಲ್ಲಿ ನೆಡಬಹುದು. ಕರಿಬೇವು, ನಿಂಬೆ, ಎಕ್ಕ ಮೂರಿದ್ದರೂ ಸಾಕು, ಚಿಟ್ಟೆ ತಾನೇ ಹುಡುಕಿಕೊಂಡು ಬರುತ್ತದೆ.

ಇನ್ನೊಂದು ಕರಡಿ. ನನ್ನ ತಲೆಮಾರಿನ ಕೋಲಾರದವರಿಗೆ ಕರಡಿಯೆಂದರೆ ಬೀದಿಯಲ್ಲಿ ಮೂಗಿಗೆ ಹಗ್ಗ ಪೋಣಿಸಿಕೊಂಡು ಕುಣಿದ ಪ್ರಾಣಿ. ಮಗುವಿಗೆ ದಿಗಿಲು ಬಿಡಿಸಲು ಕರಡಿಯ ಮೇಲೆ ಕೂರಿಸಿ, ತಾಯತಕ್ಕೆಂದು ಅದರ ಕೂದಲು ಕೀಳಿಸಿದ ಮನೆಗಳೆಷ್ಟೋ. ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ ಬನ್ನೇರುಘಟ್ಟದಲ್ಲಿ ಕರಡಿಗಳ ಪುನರ್ವಸತಿ ಕೇಂದ್ರ ಕಟ್ಟಿತು, ಕರಡಿಯಾಡಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬಿನ ದಾರಿ ಮಾಡಿತು. 2009ರ ಕೊನೆಗೆ ದೇಶದ ಕೊನೆಯ ಕುಣಿಯುವ ಕರಡಿಯ ಹಗ್ಗವೂ ಕಳಚಿತು. ಇದನ್ನು ಹೇಳಿ ಕರಡಿ ತೋರಿಸಿದರೆ ಮಕ್ಕಳು ನೋಡುವ ಕಣ್ಣು ಬೇರೆ.

ಹಣದ ಮಾತು. ಹಳ್ಳಿಯ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ಕರ್ನಾಟಕ ಮೃಗಾಲಯ ಪ್ರಾಧಿಕಾರದ 'ಚಿಣ್ಣರ ಮೃಗಾಲಯ ದರ್ಶನ' ಇದೆ, ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಇದೆ. ಎರಡೂ ತಾವಾಗಿ ಶಾಲೆಯ ಬಾಗಿಲಿಗೆ ಬರುವುದಿಲ್ಲ. ಮುಖ್ಯೋಪಾಧ್ಯಾಯರು ವಲಯ ಅರಣ್ಯಾಧಿಕಾರಿಗೆ, ಮೃಗಾಲಯದ ಕಚೇರಿಗೆ ಅರ್ಜಿ ಬರೆದು ವಿಚಾರಿಸಬೇಕು. ಕೇಳಿದವರಿಗೆ ಸಿಗುತ್ತದೆ, ಕೇಳದವರ ಹೆಸರಿನಲ್ಲಿ ಬೇರೆಯವರು ಹೋಗಿ ಬರುತ್ತಾರೆ.

ಮೇಷ್ಟ್ರ ಚೀಲ

ಹಿಂದಿರುಗುವಾಗ ಮೇಷ್ಟ್ರ ಚೀಲ ಇಣುಕಿ ನೋಡಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ 'ಅರ್ಲಿ ಬರ್ಡ್' ತಂಡ ಮಾಡಿದ, ಕನ್ನಡ ಹೆಸರುಗಳಿರುವ ಹಕ್ಕಿಚಿತ್ರಗಳ ಪಟ. ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು', ಅಂಚು ಸವೆದದ್ದು. ಜೊತೆಗೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಅದನ್ನು ಕಂಡು ಸಂತೋಷವಾಯಿತು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರ ಪ್ರವಾಸ ಕಥನವೇ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸ್ವಾಮಿಯವರ ತಂದೆ ಡಿ.ವಿ.ಜಿ. ಹುಟ್ಟಿದ್ದು ಇದೇ ಮುಳಬಾಗಿಲಿನಲ್ಲಿ, 1887ರಲ್ಲಿ. ಮಕ್ಕಳನ್ನು ಬಯಲಿಗೆ ಕರೆದೊಯ್ದು ಪಾಠ ಹೇಳುವ ಸಾಹಿತ್ಯ ಈ ನೆಲಕ್ಕೆ ಹೊರಗಿನಿಂದ ಬರಬೇಕಿಲ್ಲ, ನೆಂಟಸ್ತಿಕೆ ಮೊದಲಿನಿಂದಲೇ ಇದೆ.

ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಗಣತಿ ನಡೆಯುತ್ತದೆ. ಹದಿನೈದು ನಿಮಿಷ ಎಣಿಸಿ, 'ಇ-ಬರ್ಡ್' ತಾಣದಲ್ಲಿ ದಾಖಲಿಸಿದರೆ ತಾಯಲೂರಿನ ಮೈನಾ ಕೂಡ ಜಾಗತಿಕ ಲೆಕ್ಕಕ್ಕೆ ಸೇರುತ್ತದೆ. ಬೇಕಾದದ್ದು ಒಬ್ಬ ಮೇಷ್ಟ್ರ ಮೊಬೈಲು.

ಶಾಲೆಯ ಗೇಟಿನ ಹತ್ತಿರ ನೋಟ್‌ಬುಕ್ಕುಗಳನ್ನು ಒಪ್ಪಿಸುವಾಗ, ಬೆಳಿಗ್ಗೆ ನನ್ನ ಕಾಲು ತಡೆದ ಹುಡುಗಿ ಕೊನೆಯ ಸಾಲು ತೋರಿಸಿದಳು. ಮೊದಲ ಕಲಮಿನಲ್ಲಿ 'ಕೋಲಾರದ ಬಾವಲಿ' ಎಂದು ಬರೆದಿದ್ದಳು. ಎರಡನೆಯದು ಖಾಲಿ.

"ಇದಕ್ಕೆ ಎಷ್ಟು ಹೆಜ್ಜೆ ಸಾ?"

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. "ಇಲ್ಲಿಂದ ಅಲ್ಲಿಗೆ ಎಷ್ಟೋ ಅಷ್ಟು" ಎಂದರು.

ಹೋಗುವ ದಾರಿ: ಬೆಂಗಳೂರಿನಿಂದ ಕೋಲಾರ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮುಳಬಾಗಿಲು, ಅಲ್ಲಿಂದ ತಾಯಲೂರಿಗೆ ಬಸ್ಸಿದೆ. ಕೆರೆಯಂಗಳ, ಗುಡ್ಡ ನೋಡಲು ಬೆಳಗಿನ ಏಳರಿಂದ ಹತ್ತು ಒಳ್ಳೆಯ ಹೊತ್ತು. ಮಕ್ಕಳಿಗೆ ಟೋಪಿ, ನೀರು, ಮುಚ್ಚಿದ ಚಪ್ಪಲಿ ಅಥವಾ ಶೂ ಇರಲಿ, ಬಂಡೆಸಂದಿಗೆ ಯಾರೂ ಕೈಹಾಕದಿರಲಿ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ. ಹನುಮನಹಳ್ಳಿಯ ಗುಹೆಯ ದಾರಿಯನ್ನು ಇಲ್ಲಿ ಬರೆದಿಲ್ಲ. ಗೊತ್ತಿರುವವರೂ ಯಾರಿಗೂ ಹೇಳಬೇಡಿ.